ನೋಡದ ಸಿನಿಮಾದ ವಿರುದ್ಧ

ಡಿಸೆಂಬರ್ 22, ಸೋಮವಾರ. ಬೆಳಿಗ್ಗೆ

...ಇನ್ನೊಂದು ಮಾತು ಬಿಟ್ಟೇಹೋಯಿತು ನಿನ್ನೆ. ಮೌನವೇ ದೊಡ್ಡ ಕಲೆ ಅನ್ನುವುದಾದರೆ ನಮ್ಮ ಮನೆಯ ಕೆಟ್ಟ ರೇಡಿಯೋಗೂ ಒಂದು ಪ್ರಶಸ್ತಿ ಕೊಡಬೇಕಾದೀತು. ಇದನ್ನು ಹೇಳಬೇಕಿತ್ತು. ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ. ನನ್ನ ಒಳ್ಳೆಯ ಮಾತೆಲ್ಲ ಚಪ್ಪಲಿ ಬಿಡುವ ಹೊತ್ತಿಗೇ ಬರುವುದು.

ಇರಲಿ. ಹೇಳಿದ್ದೇ ಬೇಕಾದಷ್ಟಾಯಿತು. ಗ್ರಂಥಾಲಯದ ಮಹಡಿಯ ಆ ರೂಮು ಅಷ್ಟು ನಿಶ್ಶಬ್ದವಾದದ್ದು ನಾನು ಕಂಡಿಲ್ಲ. ನಮ್ಮ ಸಿನಿಮಾ ಬಳಗ ಅಂದರೆ ಹತ್ತು ಹನ್ನೆರಡು ಕುರ್ಚಿ, ಅಷ್ಟೇ ಕನ್ನಡಕ, ಒಂದು ಫ್ಲಾಸ್ಕ್ ಟೀ. ಒಬ್ಬರು ಮಾತಾಡುವಾಗ ಇಬ್ಬರು ಕೆಮ್ಮಬೇಕು, ಒಬ್ಬರು ತೂಕಡಿಸಬೇಕು. ನಿನ್ನೆ ಕೆಮ್ಮೂ ಇಲ್ಲ.

ವರ್ಷದ ಕೊನೆ ನಮಗೆ ಸುಗ್ಗಿ. ಪತ್ರಿಕೆಯ ವಿಮರ್ಶಕರು 'ವರ್ಷದ ಹತ್ತು ಅತ್ಯುತ್ತಮ ಚಿತ್ರಗಳು' ಅಂತ ಪಟ್ಟಿ ಹಾಕುತ್ತಾರಲ್ಲ, ಅಂಥ ಮೂರನ್ನು ಆರಿಸಿ ಜಗಳವಾಡುವುದು, ಆಮೇಲೆ ನಮ್ಮದೇ ಹತ್ತನ್ನು ಬೋರ್ಡಿಗೆ ಹಾಕುವುದು. ಕಾರ್ಯದರ್ಶಿ ಶಿಸ್ತಿನ ಮನುಷ್ಯ. ಬರೆದವರ ಹೆಸರು ಕಂಡರೆ ಮುಲಾಜು ಹುಟ್ಟುತ್ತದೆ ಅಂತ ಪಟ್ಟಿಗಳನ್ನು ತಾವೇ ಹೊಸದಾಗಿ ಟೈಪ್ ಮಾಡುತ್ತಾರೆ. ಹೆಸರು ತೆಗೆದು ಮೊದಲನೆಯ ಪಟ್ಟಿ, ಎರಡನೆಯ ಪಟ್ಟಿ, ಮೂರನೆಯ ಪಟ್ಟಿ ಅಂತ ಹಂಚುತ್ತಾರೆ. ಯಾರದು ಅಂತ ಗೊತ್ತಿದ್ದರೂ ಬಾಯಿ ಬಿಡಬಾರದು. ಒಂದೊಂದು ಪಟ್ಟಿಯ ಒಂದನೇ ನಂಬರಿಗೆ ಒಬ್ಬರು ಪರ, ಒಬ್ಬರು ವಿರೋಧ. ಕಡೆಗೆ ಕೈ ಎತ್ತಿ ಓಟು.

ಮೂರನೆಯ ಪಟ್ಟಿಯ ಒಂದನೇ ನಂಬರು ಆ ಲಿಫ್ಟಿನ ಸಿನಿಮಾ. ಲಿಫ್ಟ್ ರಿಪೇರಿ ಮಾಡುವವನೊಬ್ಬ. ಹೆಂಡತಿ ತೀರಿಕೊಳ್ಳುತ್ತಾಳೆ. ಮತ್ತೆ ಹೋಗಿ ಲಿಫ್ಟ್ ರಿಪೇರಿ ಮಾಡುತ್ತಾನೆ. ಮುಗಿಯಿತು. ವಿರೋಧಕ್ಕೆ ನಾನೇ ಎದ್ದೆ. 'ವಿತ್ ಡ್ಯೂ ರೆಸ್ಪೆಕ್ಟ್' ಅಂತ ಶುರು ಮಾಡಿದೆ. ಕೆಥಾರ್ಸಿಸ್ ಬಂತು, ಪೇಥೋಸ್ ಬಂತು, ಅದರ ಪಕ್ಕದ ಮನೆಯ, ದುಃಖ ನಗೆಪಾಟಲಾಗುವ ಬೇಥೋಸೂ ಬಂತು. ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕೇಳಿದ್ದರೆ ಕಿವಿ ಹಿಂಡುತ್ತಿದ್ದರು. ಬಳಗದಲ್ಲಿ ಕಿವಿ ಹಿಂಡುವವರಿಲ್ಲ. ಪಟ್ಟಿ ಬರೆದವರನ್ನೂ ಬಿಡಲಿಲ್ಲ. "ಈ ವಿಮರ್ಶಕ ಮಹಾಶಯರು ದುಃಖವನ್ನು ಪುಸ್ತಕದಲ್ಲಿ ಮಾತ್ರ ನೋಡಿರಬೇಕು. ಮನೆಯೊಳಗೆ ಒಂದು ಸಾವು ಕಂಡವರು ಇದನ್ನು ಒಂದನೇ ನಂಬರಿಗೆ ಇಡೋದಿಲ್ಲ" ಅಂದೆ.

ಆಗಲೇ ಆ ನಿಶ್ಶಬ್ದ. ನಮ್ಮ ಬಳಗದಲ್ಲೇ ಇರುವ ಟೈಲರೂ ನಿವೃತ್ತ ನರ್ಸಮ್ಮನೂ ನನ್ನನ್ನೇ ದಿಟ್ಟಿಸುತ್ತಿದ್ದರು. ಕೈಗಳು ಎದ್ದವು. ಲಿಫ್ಟಿನ ಸಿನಿಮಾ ನಮ್ಮ ಹತ್ತರಿಂದಲೇ ಹೊರಗೆ.

ನಾನು ಅದನ್ನು ನೋಡಿಲ್ಲ ಅನ್ನುವುದು ಬೇರೆ ಮಾತು. ನನ್ನ ಹೆಂಡತಿ ಹೋದ ಮೇಲೆ ಟಾಕೀಸಿನ ಮೆಟ್ಟಿಲು ಹತ್ತಿಲ್ಲ. ಪಕ್ಕದ ಕುರ್ಚಿ... ಬೇಡ. ಟ್ರೈಲರ್ ನೋಡುತ್ತೇನೆ, ನಾಲ್ಕು ವಿಮರ್ಶೆ ಓದುತ್ತೇನೆ. ಅನ್ನ ಬೆಂದಿದೆಯೋ ನೋಡಲು ಒಂದು ಅಗುಳು ಸಾಕು.

ಟೈಲರ್ ಹತ್ತಿರ ಪ್ಯಾಂಟು ಕೊಡಬೇಕು. ಸೊಂಟ ಸಡಿಲ.


ಡಿಸೆಂಬರ್ 23, ಮಂಗಳವಾರ. ಮಧ್ಯಾಹ್ನ

ಬರೆಯಬಾರದು ಅಂದುಕೊಂಡೆ. ಬರೆಯದಿದ್ದರೆ ಊಟ ಇಳಿಯುವುದಿಲ್ಲ.

ಟೈಲರ್ ಅಂಗಡಿಗೆ ಹೋದೆ. ಸೊಂಟಕ್ಕೆ ಟೇಪು ಸುತ್ತಿದವನು ಹಾಗೇ ನಿಂತು ನಕ್ಕ.

"ಸೊಂಟ ಏನೋ ಅಳೀಬಹುದು ಸಾರ್. ನಿಮ್ಮ ಗುಂಡಿಗೆ ಅಳೆಯೋಕೆ ಈ ಟೇಪು ಸಾಲದು."

"ಯಾಕಯ್ಯಾ?"

"ಯಾಕೆ ಅಂತೀರಲ್ಲ! ಸ್ವಂತ ಮಗಳ ಪಟ್ಟಿ. ಬಟ್ಟೆ ಒಗೆದ ಹಾಗೆ ಎತ್ತಿ ಎತ್ತಿ ಬಡಿದ್ರಲ್ಲ. ನನ್ನ ಮಗ ಒಂದು ಗುಂಡಿ ಹೊಲಿದ್ರೂ ನಾನು ನಾಲ್ಕು ಜನಕ್ಕೆ ತೋರಿಸ್ತೀನಿ. ನೀವು ಬಿಡಿ, ಬೇರೇನೇ."

ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅರ್ಥವಾದ ಮೇಲೆ ಏನು ಮಾಡಬೇಕು ಅನ್ನುವುದು ಅರ್ಥವಾಗಲಿಲ್ಲ.

"ಎಲ್ಲರಿಗೂ ಗೊತ್ತಿತ್ತಾ?"

"ಫೋಟೋ ಸಮೇತ ಬಂದಿತ್ತಲ್ಲ ಸಾರ್. ಯಾರಿಗೆ ಗೊತ್ತಿರಲ್ಲ? ಕಾರ್ಯದರ್ಶಿಗಳ ರೂಲ್ಸು ಅಂತ ಬಾಯಿ ಹೊಲ್ಕೊಂಡು ಕೂತಿದ್ವಿ. ನರ್ಸಮ್ಮ ಹೊರಗೆ ಬಂದು ಅಂದ್ರು, ಇಂಥ ಮುಲಾಜಿಲ್ಲದ ಮನುಷ್ಯರನ್ನ ಜನ್ಮದಲ್ಲಿ ನೋಡಿಲ್ಲ ಅಂತ."

ಆಗ ನಾನು ಏನು ಮಾಡಿದೆ? ಗಂಟಲು ಸರಿ ಮಾಡಿಕೊಂಡೆ. "ತತ್ವ ಅಂದ ಮೇಲೆ ತತ್ವ" ಅಂದೆ. ಆ ಮಾತು ಹೊರಗೆ ಬಂದಾಗ ನನಗೇ ಹೇಸಿಗೆಯಾಯಿತು. ಟೈಲರ್ ಪ್ಯಾಂಟು ಬಿಗಿ ಮಾಡಿದ್ದಕ್ಕೆ ದುಡ್ಡು ಬೇಡ ಅಂದ. "ನಿಮ್ಮಂಥೋರ ಹತ್ರ ತಗೋಬಾರ್ದು." ಬಲವಂತವಾಗಿ ಕೊಟ್ಟು ಬಂದೆ.

ಮನೆಗೆ ಬಂದು ಫೋನಿನಲ್ಲಿ ಮಗಳು ಕಳಿಸಿದ ಪುಟ ತೆಗೆದೆ. ಇದೆ. ಅವಳ ಫೋಟೋ, ಅವಳ ಹೆಸರು. ಒಂದನೇ ನಂಬರು, ಲಿಫ್ಟಿನ ಸಿನಿಮಾ. ಹೋದ ವಾರವೇ ಕಳಿಸಿದ್ದಳು. ಇಷ್ಟು ವರ್ಷ ನೀರು, ಚರಂಡಿ, ರಸ್ತೆ ಅಂತ ಸುದ್ದಿ ಬರೆದವಳಿಗೆ ಈ ವರ್ಷ ಸಿನಿಮಾ ಕೊಟ್ಟಿದ್ದಾರೆ. ಇದು ಅವಳ ಮೊದಲ ಪಟ್ಟಿ. ನಾನು ತಕ್ಷಣ ಫೋನ್ ಮಾಡಿದ್ದೆ ಕೂಡ. "ಪುಟ್ಟೀ, ಚೆನ್ನಾಗಿದೆ. ಎರಡು ಕಡೆ ಅಚ್ಚಿನ ತಪ್ಪಿದೆ ನೋಡು" ಅಂದಿದ್ದೆ.

ಓದಿದ್ದೆ. ಸುಳ್ಳಲ್ಲ. ಒಂದಕ್ಷರ ಬಿಡದೆ ಓದಿದ್ದೆ. ಪ್ರೆಸ್ಸಿನಲ್ಲಿ ಜೀವಮಾನವೆಲ್ಲ ಪ್ರೂಫ್ ನೋಡಿದ ಕಣ್ಣು. ಒತ್ತು ಸರಿಯಿದೆಯೇ, ದೀರ್ಘ ಬಿದ್ದಿದೆಯೇ, ಅಲ್ಪವಿರಾಮ ತಪ್ಪಿದೆಯೇ ಎಂದಷ್ಟೇ ನೋಡುತ್ತದೆ. ಅರ್ಥಕ್ಕೆ ಇಳಿದರೆ ತಪ್ಪು ಕಣ್ಣು ತಪ್ಪಿಸುತ್ತದೆ ಅಂತ ಹಿರಿಯರು ಕಲಿಸಿದ್ದರು. ಮದುವೆ ಪತ್ರಿಕೆ, ಸಾವಿನ ಸುದ್ದಿ, ಎಲ್ಲ ಒಂದೇ ನಮಗೆ. ಮಗಳ ಬರಹವನ್ನೂ ಹಾಗೇ ನೋಡಿದ್ದೇನೆ. ಎರಡು ತಪ್ಪು ಸಿಕ್ಕಿತು, ಮಗಳು ಸಿಗಲಿಲ್ಲ.

ಈಗ ಓದಿದೆ. ನಿಜವಾಗಿ. ಲಿಫ್ಟಿನ ಸಿನಿಮಾದ ಬಗ್ಗೆ ನಾಲ್ಕೇ ಸಾಲು. ಕೊನೆಯ ಎರಡು ಹೀಗಿವೆ: 'ಅಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಮಾತು ಬಹಳ ಇತ್ತು. ಸುಮ್ಮನೆ ಕೂರಲು ನನಗೆ ಜಾಗ ಸಿಕ್ಕಿದ್ದು ಈ ಸಿನಿಮಾದಲ್ಲಿ.'

ಕಾರ್ಯದರ್ಶಿ ಸಾಲುಗಳನ್ನು ಟೈಪ್ ಮಾಡಿರಲಿಲ್ಲ, ಸಿನಿಮಾದ ಹೆಸರು ಮಾತ್ರ. ಅದು ನೆಪ. ಈ ಪುಟ ನನ್ನ ಅಂಗೈಯಲ್ಲೇ ಇತ್ತು.

'ಮನೆಯೊಳಗೆ ಒಂದು ಸಾವು ಕಂಡವರು...' ಅಂದೆನಲ್ಲ. ಹನ್ನೆರಡು ಜನರ ಮುಂದೆ. ಮೈಕು ಇಲ್ಲದಿದ್ದದ್ದೊಂದು ಕಡಿಮೆ.


ಡಿಸೆಂಬರ್ 24, ಬುಧವಾರ. ಸಂಜೆ

ಕಾರ್ಯದರ್ಶಿ ವಾದವನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾರೆ. ಆಮೇಲೆ ಪಟ್ಟಿ ಬರೆದ ವಿಮರ್ಶಕರಿಗೇ ಕಳಿಸುತ್ತಾರೆ, 'ದಯವಿಟ್ಟು ತಮ್ಮ ಉತ್ತರ ತಿಳಿಸಿ' ಅಂತ. ಪ್ರತಿ ವರ್ಷದ ಪದ್ಧತಿ. ಯಾರೂ ಉತ್ತರಿಸಿದ್ದಿಲ್ಲ.

ಈ ವರ್ಷ ಉತ್ತರ ಬಂತು. ನನಗೇ ಬಂತು. ಐದು ಗಂಟೆಗೆ ಫೋನ್.

"ಅಪ್ಪಾ, ಕೇಳ್ದೆ."

ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ಮೊದಲ ಸಲ ಕೇಳಿದಾಗ ಅತ್ಬಿಟ್ಟೆ, ಸುಳ್ಳು ಯಾಕೆ ಹೇಳ್ಲಿ. ಸಾವು ಕಂಡವರು ಅಂದ್ರಲ್ಲ... ಅಲ್ಲಿ. ಮತ್ತೆ ಕೇಳ್ದೆ. ಆಮೇಲೆ ಅನ್ನಿಸ್ತು. ಅಮ್ಮ ಹೋದದ್ದರ ಬಗ್ಗೆ ಅಪ್ಪ ನನ್ನ ಹತ್ರ ಮಾತಾಡಿದ್ದು ಇದೇ ಮೊದಲು. ಹನ್ನೆರಡು ಜನರ ಮುಂದೆ ಆದ್ರೂ ಆಗ್ಲಿ."

ನಾನು 'ಹ್ಞೂಂ' ಅಂದೆ.

"ಯಾವಾಗ್ಲೂ 'ಚೆನ್ನಾಗಿದೆ, ಎರಡು ತಪ್ಪಿದೆ' ಅಷ್ಟೇ ಅಲ್ವಾ ನೀವು? ಈ ಸಲ ಸಿನಿಮಾ ನೋಡಿ, ನನ್ನ ಪಟ್ಟಿ ಓದಿ, ನನ್ನ ಮೇಲೆ ಕೋಪ ಮಾಡ್ಕೊಂಡಿದ್ದೀರಿ. ಮಗಳು ಅಂತ ರಿಯಾಯಿತಿ ಕೊಡ್ಲಿಲ್ಲ. ಆಫೀಸಲ್ಲಿ ಎಲ್ಲರಿಗೂ ಕೇಳ್ಸಿದೆ. ನೋಡ್ರೋ, ನಮ್ಮಪ್ಪ ಅಂತ."

"ಪುಟ್ಟೀ—"

"ಇರಿ. ಬಿಡ್ತೀನಿ ಅಂದ್ಕೋಬೇಡಿ. ನಾಲ್ಕನೇ ತಾರೀಕು ನಿಮ್ಮ ಬಳಗಕ್ಕೇ ಬಂದು ಉತ್ತರ ಕೊಡ್ತೀನಿ. ಕಾರ್ಯದರ್ಶಿಗಳಿಗೆ ಹೇಳಿದ್ದೀನಿ. ನಿಮ್ಮ ಬೇಥೋಸಿಗೆ ಬೇರೇನೇ ಉತ್ತರ ಇಟ್ಟಿದ್ದೀನಿ."

ನಗುತ್ತಿದ್ದಳು. ಆ ನಗು ನಾನು ಕೇಳಿ ಎಷ್ಟು ದಿನವಾಗಿತ್ತೋ. ಆಗ ಹೇಳಬೇಕಿತ್ತು. ಬಾಯಿಗೆ ಬಂದದ್ದು ಇಷ್ಟು: "ಬಾಮ್ಮ. ಬೆಳಿಗ್ಗೆ ಬಸ್ಸಿಗೇ ಬಾ, ಜನ ಕಡಿಮೆ ಇರ್ತಾರೆ."

ಕಾಲೇಜಿನಲ್ಲಿ ಒಂದು ಪದ ಕಲಿಸಿದ್ದರು. ಹಮಾರ್ಷಿಯಾ, ಅಥವಾ ಹಾಗೇ ಏನೋ. ನಾಯಕನನ್ನು ಕೆಡವುವ ತಪ್ಪು. ಅದಕ್ಕೂ ಮನುಷ್ಯ ಮೊದಲು ನಾಯಕನಾಗಿರಬೇಕು. ನನ್ನಂಥವನು ಮಾಡಿದರೆ ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಪದಗಳಿವೆ, ಬರೆಯಲು ನಾಚಿಕೆ.


ಡಿಸೆಂಬರ್ 28, ಭಾನುವಾರ

ಕಾರ್ಯದರ್ಶಿ ಮನೆಗೆ ಹೋಗಿದ್ದೆ. ಗಂಟಲು ಸರಿಯಿಲ್ಲ, ನಾಲ್ಕನೇ ತಾರೀಕಿನದನ್ನು ಮುಂದೆ ಹಾಕಿ ಅನ್ನೋಣ ಅಂತ. ಅವರು ಬಾಗಿಲಲ್ಲೇ ಕೈ ಹಿಡಿದುಕೊಂಡರು.

"ಬಳಗಕ್ಕೆ ನೀವು ಮಾದರಿ. ಹೆಸರು ಮುಚ್ಚೋ ಪದ್ಧತಿ ಶುರು ಮಾಡಿದಾಗ ಎಲ್ಲರೂ ನಕ್ಕಿದ್ರು. ನೀವು ಆ ಪದ್ಧತಿಗೆ ಒಂದು ಮಾನ ತಂದುಕೊಟ್ರಿ."

"ಗಂಟಲು ಸ್ವಲ್ಪ..."

"ಬಿಸಿನೀರು ಕುಡೀರಿ."

ಬಿಸಿನೀರು ಕುಡಿದು ಬಂದೆ.


ಡಿಸೆಂಬರ್ 31, ಬುಧವಾರ. ಸಂಜೆ ಆರು

ಹೋದೆ. ಮಧ್ಯಾಹ್ನದ ಆಟ. ಊರಾಚೆಯ ಸಣ್ಣ ಟಾಕೀಸು, ಇವತ್ತೇ ಕೊನೆ ದಿನ, ನಾಳೆ ಬೇರೆ ಸಿನಿಮಾ. ಟಿಕೆಟ್ ಕೊಡುವವಳು ಕೇಳಿದಳು, "ಒಂದೇನಾ?" ಒಂದೇ ಅಂದೆ. ಪಕ್ಕದ ಕುರ್ಚಿಯ ಮೇಲೆ ಛತ್ರಿ ಇಟ್ಟೆ. ಹೊರಗೆ ಮಳೆಯೇನೂ ಇಲ್ಲ. ಸುಮ್ಮನೆ ಹಿಡಿದುಕೊಂಡು ಹೋಗಿದ್ದೆ.

ನಿಜ ಬರೆಯುತ್ತೇನೆ. ಮೊದಲ ಅರ್ಧದಲ್ಲಿ ನಿದ್ದೆ ಬಂತು. ಅವನು ಪೆಟ್ಟಿಗೆ ತೆಗೆಯುತ್ತಾನೆ, ತಿರುಪು ಬಿಚ್ಚುತ್ತಾನೆ, ಎಣ್ಣೆ ಹಾಕುತ್ತಾನೆ, ತಿರುಪು ಹಾಕುತ್ತಾನೆ. ಮನೆಗೆ ಬರುತ್ತಾನೆ. ಹೆಂಡತಿ ಬಾಗಿಲು ತೆಗೆಯುತ್ತಾಳೆ. ಎಚ್ಚರವಾದಾಗ ಅವನೇ ಬೀಗ ತೆಗೆಯುತ್ತಿದ್ದ. ಅವಳು ಹೋಗಿಬಿಟ್ಟಿದ್ದಳು. ನಾನು ತೂಕಡಿಸುವಷ್ಟರಲ್ಲಿ.

ಆಮೇಲೆ ನಿದ್ದೆ ಬರಲಿಲ್ಲ.

ಅವನು ಅಳುವುದೇ ಇಲ್ಲ. 'ಭಾವಶೂನ್ಯ' ಅಂದಿದ್ದೆನಲ್ಲ ನಾನು, ಯಾವುದೋ ವಿಮರ್ಶೆಯ ಮಾತು ಕದ್ದು. ಅವನು ಮನೆಗೆ ಬಂದು ಒಂದು ತಟ್ಟೆ ತೆಗೆಯುತ್ತಾನೆ, ಅದರ ಅಡಿಯ ತಟ್ಟೆಯೂ ಅಂಟಿಕೊಂಡು ಬರುತ್ತದೆ. ಎರಡನ್ನೂ ಹಿಡಿದು ನಿಲ್ಲುತ್ತಾನೆ. ಅಷ್ಟೇ. ನಮ್ಮ ಮನೆಯ ತಟ್ಟೆಗಳೂ ಹಾಗೇ, ಒದ್ದೆಯಿದ್ದಾಗ ಅಂಟುತ್ತವೆ. ಅದಕ್ಕೇ ನಾನು ಒಂದನ್ನು ಮಾತ್ರ ಹೊರಗಿಟ್ಟು ಉಳಿದದ್ದನ್ನು ಅಟ್ಟಕ್ಕೆ ಹಾಕಿದ್ದು. ಜಾಗ ಇಲ್ಲ ಅಂತ ಮಗಳಿಗೆ ಹೇಳಿದ್ದೆ.

ಲೈಟು ಬಂತು. ಒಳಗೆ ಆರೇಳು ಜನ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಬಸ್ಸಿನಲ್ಲಿ ನಾಚಿಕೆಯಾಯಿತು. ಅಳು ಬಂದದ್ದಕ್ಕಲ್ಲ. ಆ ದಿನ ನಾನು ಆಡಿದ ಮಾತು ಒಂದೊಂದೂ ಬಸ್ಸಿನ ಗಂಟೆಯ ಹಾಗೆ ಕಿವಿಯಲ್ಲಿ ಹೊಡೆಯುತ್ತಿತ್ತು.


ಜನವರಿ 3, ಶನಿವಾರ

ಫೋನ್ ಕೈಯಲ್ಲಿ ಹಿಡಿದೆ. ಇಟ್ಟೆ. ಹಿಡಿದೆ.

ಇನ್ನೊಂದು ದಾರಿಯೂ ಇದೆ, ಬರೆದೇಬಿಡುತ್ತೇನೆ. ಸುಮ್ಮನಿರುವುದು. ಈಗ ಸಿನಿಮಾ ನೋಡಿಯಾಯಿತು, ಪಟ್ಟಿಯೂ ಓದಿಯಾಯಿತು. ನಾಳೆ ಅವಳು ವಾದ ಮಾಡುತ್ತಾಳೆ, ನಾನು ಸೋಲುತ್ತೇನೆ. ಎಲ್ಲರಿಗೂ ಸಂತೋಷ. ಯಾರಿಗೂ ನಷ್ಟವಿಲ್ಲ.

ಅವಳು ಆಫೀಸಿನಲ್ಲಿ ಎಲ್ಲರಿಗೂ ಕೇಳಿಸಿದ್ದಾಳೆ. ನಮ್ಮಪ್ಪ ಅಂತ.


ಜನವರಿ 4, ಭಾನುವಾರ. ಸಂಜೆ

ಹೇಳಿದೆ.

ಬೆಳಿಗ್ಗೆ ಬಸ್ಸಿಗೇ ಬಂದಳು. ಹೊಸ ಕನ್ನಡಕ. ಚೀಲ ಇಳಿಸುವ ಮೊದಲೇ, "ಅಪ್ಪಾ, ಒಂದು ಪಾಯಿಂಟ್ ಈಗ್ಲೇ ಹೇಳ್ಲಾ? ಬೇಡ, ಅಲ್ಲೇ ಹೇಳ್ತೀನಿ" ಅಂದಳು. ಅಡುಗೆಮನೆಯಲ್ಲಿ ಟೀ ಮಾಡಿದಳು. ನಾನು ಬಾಗಿಲಿಗೆ ಒರಗಿ ಬಸ್ಸು, ಹವಾ, ಗ್ಯಾಸಿನ ಒಲೆಯ ಗುಂಡಿ ಅಂತ ಶುರು ಮಾಡಿದೆ.

"ಸುತ್ತು ಹಾಕ್ಬೇಡಿ ಅಪ್ಪಾ. ಏನು? ಮೈ ಸರಿಯಿಲ್ವಾ?"

"ನಾನು ಆ ಸಿನಿಮಾ ನೋಡಿರ್ಲಿಲ್ಲ."

"ಯಾವುದು?"

"ಲಿಫ್ಟಿಂದು. ವಾದ ಮಾಡೋವಾಗ. ಆಮೇಲೆ ನೋಡ್ದೆ, ಮೊನ್ನೆ. ಆವತ್ತು ನೋಡಿರ್ಲಿಲ್ಲ."

ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು.

"ಆ ಪಟ್ಟಿ ನಿಂದು ಅಂತಲೂ ಗೊತ್ತಿರ್ಲಿಲ್ಲ ಪುಟ್ಟೀ."

ಒಲೆ ಆರಿಸಿದಳು. "ನೀವು ಫೋನ್ ಮಾಡಿದ್ರಲ್ಲ. ಎರಡು ತಪ್ಪು ಅಂದ್ರಿ. ನಾನು ಆಫೀಸಿಗೆ ಹೇಳಿ ವೆಬ್‌ಸೈಟಲ್ಲಿ ತಿದ್ದಿಸ್ದೆ."

"ತಪ್ಪು ನೋಡ್ದೆ. ಉಳಿದದ್ದು ಕಣ್ಣಿಗೆ ಬೀಳಲಿಲ್ಲ."

ಟೀ ಸೋಸಿದಳು. ಎರಡು ಲೋಟಕ್ಕೂ ಸಮನಾಗಿ. ಒಂದನ್ನು ನನ್ನ ಕಡೆ ಸರಿಸಿದಳು. ಬೈದಿದ್ದರೆ ಎಷ್ಟೋ ವಾಸಿ.

"ಸ್ಕೂಲಲ್ಲಿ ಬರೀತಿದ್ದ ಪ್ರಬಂಧ ಎಲ್ಲ ನಿಮಗೆ ತೋರಿಸ್ತಿದ್ದೆ. ಹಾಸ್ಟೆಲಿಂದ ಕಾಗದ. ಅಮ್ಮನ ಮೇಲೆ ಬರೆದದ್ದು. ಎಲ್ಲಾನೂ ಹಾಗೇ ಓದಿದ್ದಾ?"

ಇಲ್ಲ ಅನ್ನಬಹುದಿತ್ತು. ಕೆಲವು ಓದಿದ್ದೇನೆ ಅನ್ನಬಹುದಿತ್ತು. ನೆನಪು ಮಾಡಿಕೊಳ್ಳಲು ನೋಡಿದೆ. ಅಮ್ಮನ ಮೇಲೆ ಬರೆದದ್ದರಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬಿಟ್ಟುಹೋಗಿತ್ತು. ಪ್ರಶ್ನೆ ಏನು ಅಂತ ನೆನಪಿಲ್ಲ.

"ಹೌದು" ಅಂದೆ.

"ಹಾಗಾದ್ರೆ ನಾನು ಯಾರಿಗೆ ಉತ್ತರ ಕೊಡೋಕೆ ಬಂದೆ?" ಚೀಲದಿಂದ ಹಾಳೆ ತೆಗೆದಳು, ಒತ್ತೊತ್ತಾಗಿ ಬರೆದದ್ದು, ಎರಡೂ ಕಡೆ. ನಾಲ್ಕು ಮಡಿಕೆ ಮಾಡಿ ಮತ್ತೆ ಒಳಗಿಟ್ಟಳು.

"ನೀನು ಬರಬೇಡ. ನಾನೊಬ್ಬನೇ ಹೋಗಿ ಹೇಳಿ ಬರ್ತೀನಿ."

"ಬರ್ತೀನಿ. ನೀವು ಹೇಳೋದನ್ನ ಕೇಳ್ಬೇಕು."

ಗ್ರಂಥಾಲಯದ ರೂಮಿನಲ್ಲಿ ಹಿಂದಿನ ಸಾಲಿಗೆ ಹೋಗಿ ಕೂತಳು. ಕಾರ್ಯದರ್ಶಿ ದೊಡ್ಡದಾಗಿ ಪರಿಚಯ ಮಾಡಿದರು. ತಂದೆ, ಮಗಳು, ನಿಷ್ಪಕ್ಷಪಾತ ಅಂತೆಲ್ಲ. ನಾನು ಎದ್ದೆ. ವಿತ್ ಡ್ಯೂ ರೆಸ್ಪೆಕ್ಟ್ ಅನ್ನಲಿಲ್ಲ. ಸಿನಿಮಾ ನೋಡಿರಲಿಲ್ಲ ಅಂದೆ. ಮಗಳ ಪಟ್ಟಿ ಅಂತ ಗೊತ್ತಿರಲಿಲ್ಲ ಅಂದೆ. ನೀವೆಲ್ಲ ಹೊಗಳಿದಾಗ ಸುಮ್ಮನಿದ್ದೆ, ಅದು ಮೂರನೆಯ ತಪ್ಪು ಅಂದೆ. ಕೂತೆ.

ಟೈಲರ್ ತಲೆ ತಗ್ಗಿಸಿಕೊಂಡ, ಅವನೇ ಏನೋ ಮಾಡಿದವನ ಹಾಗೆ. ಕಾರ್ಯದರ್ಶಿ ರೆಕಾರ್ಡ್ ಮಾಡುತ್ತಿದ್ದ ಫೋನನ್ನು ಒಮ್ಮೆ ನೋಡಿದರು, ನನ್ನನ್ನೊಮ್ಮೆ. "ಈಗ ಆ ವಾದ ರದ್ದು ಮಾಡ್ಬೇಕಾ? ನಮ್ಮ ನಿಯಮದಲ್ಲಿ ಇದಕ್ಕೆ ಏನೂ ಇಲ್ವಲ್ಲ..."

ನರ್ಸಮ್ಮ ಎದ್ದರು. ನಿವೃತ್ತಿಯಾದರೂ ವಾರ್ಡಿನ ದನಿ ಹೋಗಿಲ್ಲ. "ನಿಯಮ ಹಾಳಾಗ್ಲಿ. ನಾನು ಆ ಸಿನಿಮಾಗೆ ಹೋಗೋಳಿದ್ದೆ. ಇವರ ಮಾತು ಕೇಳಿ, ಇಷ್ಟು ತಿಳಿದವರು ಹೇಳ್ತಾರೆ ಅಂತ ಬಿಟ್ಟೆ. ಈಗ ಟಾಕೀಸಿಂದ ಎತ್ತಿಬಿಟ್ಟಿದ್ದಾರೆ. ಎಲ್ಲಿ ನೋಡ್ಲಿ? ನಮ್ಮನೆಯವರು ಹೋಗಿ ಇನ್ನೂ ಆರು ತಿಂಗಳಾಗಿಲ್ಲ. ನನಗೆ ಅದು ಬೇಕಿತ್ತೇನೋ ಸಾರ್. ಬೇಕಿತ್ತೋ ಬೇಡವೋ, ನಾನೇ ನೋಡಿ ಹೇಳ್ತಿದ್ದೆ."

ಮಗಳ ಮುಂದೆ ತಲೆ ತಗ್ಗಿಸುವುದು ಗೊತ್ತಿತ್ತು, ಅದಕ್ಕೆ ಸಿದ್ಧನಾಗಿ ಹೋಗಿದ್ದೆ. ಇದು ಗೊತ್ತಿರಲಿಲ್ಲ. ಆಡಿದ ಮಾತು ಎಲ್ಲೆಲ್ಲಿ ಹೋಗಿ ಕೂರುತ್ತದೋ.

ಮಗಳು ಎದ್ದು ನರ್ಸಮ್ಮನ ಪಕ್ಕ ಹೋಗಿ ಕೂತಳು. ಮೆಲ್ಲಗೆ ಏನೋ ಹೇಳುತ್ತಿದ್ದಳು. ಸಿನಿಮಾದ ಕಥೆಯೇ ಇರಬೇಕು, ಕೈಯಲ್ಲಿ ತಿರುಪು ಬಿಚ್ಚುವ ಹಾಗೆ ಮಾಡಿ ತೋರಿಸಿದಳು. ನರ್ಸಮ್ಮ ಕಣ್ಣು ಮುಚ್ಚಿ ಕೇಳಿದರು. ಆ ಹಾಳೆ ಚೀಲದಿಂದ ಹೊರಗೆ ಬರಲೇ ಇಲ್ಲ.

ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ನಡೆದೆವು. ಅವಳು ಒಂದು ಹೆಜ್ಜೆ ಮುಂದೆ. ಬಸ್ಸು ಬರುವಾಗ ತಿರುಗಿದಳು.

"ಈಗ ನೋಡಿದ್ದೀರಲ್ಲ. ಎಷ್ಟನೇ ನಂಬರು ಕೊಡ್ತೀರಿ?"

"ಒಂದನೇ—"

"ಅಪ್ಪಾ." ಬಸ್ಸಿನ ಕಂಬಿ ಹಿಡಿದಳು. "ನನ್ನನ್ನ ಸಮಾಧಾನ ಮಾಡೋಕೆ ಬೇಡ. ಯೋಚನೆ ಮಾಡಿ ಬರೆದು ಕಳಿಸಿ. ನಾನು ಓದ್ತೀನಿ." ಹತ್ತಿದಳು. ಕಿಟಕಿಯಿಂದ ಕೈ ಬೀಸಲಿಲ್ಲ. ನೋಡಿದಳು, ಅಷ್ಟೇ.


ಜನವರಿ 5, ಸೋಮವಾರ. ಮಧ್ಯಾಹ್ನ ಊಟವಾದ ಮೇಲೆ

ಮೂರು ಸಲ ಶುರು ಮಾಡಿ ಹರಿದೆ. ಮೊದಲ ಸಲ ಪೇಥೋಸ್ ಬಂತು, ಹರಿದೆ. ಎರಡನೆಯದು ಕ್ಷಮೆ ಕೇಳುವ ಕಾಗದವಾಯಿತು, ಅವಳು ಕೇಳಿದ್ದು ಅದಲ್ಲ. ಮೂರನೆಯದರಲ್ಲಿ ಅವಳ ಸಾಲನ್ನೇ ತಿರುಗಿಸಿ ಬರೆದಿದ್ದೆ. ಪ್ರೆಸ್ಸಿನವನ ಬುದ್ಧಿ, ಇದ್ದದ್ದನ್ನು ತಿದ್ದಲು ಬರುತ್ತದೆ, ಇಲ್ಲದ್ದನ್ನು ಬರೆಯಲು ಬರುವುದಿಲ್ಲ. ಇಲ್ಲೇ ಬರೆದುನೋಡುತ್ತೇನೆ, ಆಮೇಲೆ ಹಾಳೆಗೆ ಇಳಿಸಿದರಾಯಿತು.

ಪುಟ್ಟೀ, ಒಂದನೇ ನಂಬರು ಕೊಡುವುದಿಲ್ಲ. ಮೊದಲ ಅರ್ಧ ಉದ್ದ. ನನಗೆ ನಿದ್ದೆ ಬಂತು. ನಿದ್ದೆ ಬಂದವನಿಗೆ ಉದ್ದ ಅನ್ನುವ ಹಕ್ಕಿದೆಯೋ ಇಲ್ಲವೋ, ನೀನೇ ಹೇಳು. ತಟ್ಟೆಯ ದೃಶ್ಯದ ಬಗ್ಗೆ ನೀನೇನೂ ಬರೆದಿಲ್ಲ, ಯಾಕೆ? ನನಗೆ ಅದೇ ದೊಡ್ಡದು.

ಇನ್ನೊಂದು. ಕೊನೆಯಲ್ಲಿ ಅವನೇ ರಿಪೇರಿ ಮಾಡಿದ ಲಿಫ್ಟು ಎರಡು ಮಹಡಿಯ ನಡುವೆ ನಿಲ್ಲುತ್ತದೆ. ಅವನು ಒಳಗೆ. ಸರಿಪಡಿಸಲು ಅವನಿಗೆ ಬರುತ್ತದೆ, ಸಾಮಾನು ಕೈಯಲ್ಲೇ ಇದೆ. ಮಾಡುವುದಿಲ್ಲ, ನೆಲದ ಮೇಲೆ ಕೂತುಬಿಡುತ್ತಾನೆ. ನಿನ್ನ ಎರಡನೇ ಸಾಲಿನಲ್ಲಿ ಬರೆದದ್ದು, ಅವನಿಗೆ ಕಡೆಗೂ ಸುಮ್ಮನೆ ಕೂರಲು ಜಾಗ ಸಿಕ್ಕಿತು ಅಂತ. ನಿನಗೆ ಹಾಗೆ ಕಂಡಿರಬಹುದು. ಈ ಮನೆಯಲ್ಲಿ ನಿನಗೆ ಆ ಜಾಗ ಕೊಡದವನು ನಾನು, ಅದು ನನಗೆ ಗೊತ್ತಾಯಿತು. ಆದರೆ ಅವನ ವಿಷಯದಲ್ಲಿ ನೀನು ತಪ್ಪು. ಇದನ್ನು ನಾನು ವಾದಕ್ಕೆ ಹೇಳುತ್ತಿಲ್ಲ. ಹೊರಗೆ ಜನ ಬಾಗಿಲು ಬಡಿಯುತ್ತಿದ್ದಾರೆ, ನೆನಪಿದೆಯಾ? ಯಾರೋ ಹೆಂಗಸು ಅವನ ಹೆಸರು ಹಿಡಿದು ಕರೆಯುತ್ತಾಳೆ, ಇದ್ದೀರಾ, ಇದ್ದೀರಾ ಅಂತ. ಇದ್ದೇನೆ ಅಂದರೆ ಕರೆಯುವುದು ನಿಂತುಹೋಗುತ್ತದೆ. ಅದಕ್ಕೆ ಅವನು ಉತ್ತರ ಕೊಡುವುದಿಲ್ಲ. ಅವನಿಗೆ ಬೇಕಾದದ್ದು ಮೌನ ಅಲ್ಲ ಪುಟ್ಟೀ. ಮನೆಯಲ್ಲಿ ಹಾಗೆ ಕರೆಯುವವರು ಇಲ್ಲದೆ ಹೋದ ಮೇಲೆ ಮನುಷ್ಯ ತಾನೇ ಮಾತಾಡುತ್ತಾನೆ, ಸಿಕ್ಕಲ್ಲೆಲ್ಲ, ಗೊತ್ತಿಲ್ಲದ್ದನ್ನೆಲ್ಲ, ಯಾಕೆಂದರೆ

ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ನನ್ನ ಕಣ್ಣು ಅಂದುಕೊಂಡೆ, ಅಲ್ಲ, ಬೆಳಕೇ ಹೋಗುತ್ತಿದೆ. ಊಟವಾದ ಮೇಲೆ ಕೂತವನು. ಎದ್ದು ಲೈಟು ಹಾಕಬೇಕು. ನಂಬರು ಇನ್ನೂ